ಮಗಳು ಸಿನಿಮಾಗೆ ಹಾಡಬೇಕಂತೆ, ಗಂಟಲು ಮಾತ್ರ ಕಟ್ಟುತ್ತಿದೆ

ಪ್ರಶ್ನೆ: ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತಿದ್ದಾಳೆ, ಸೀನಿಯರ್ ಪರೀಕ್ಷೆ ಆಗಿದೆ. ಈಗ ಸಿನಿಮಾದಲ್ಲಿ ಹಿನ್ನೆಲೆ ಗಾಯಕಿ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ದಿನಾ ಸಂಜೆ ಫೋನಿನಲ್ಲಿ ಕ್ಯಾರಿಯೋಕೆ ಹಾಕಿಕೊಂಡು ಶ್ರೇಯಾ ಘೋಷಾಲ್ ಹಾಡುಗಳನ್ನು ಎರಡು ಗಂಟೆ ಹಾಡುತ್ತಾಳೆ. ಒಂದು ತಿಂಗಳಿಂದ ರಾತ್ರಿ ಹೊತ್ತಿಗೆ ಗಂಟಲು ಕಟ್ಟುತ್ತಿದೆ, ಬೆಳಿಗ್ಗೆ ಎದ್ದರೂ ಪೂರ್ತಿ ಸರಿಹೋಗುತ್ತಿಲ್ಲ. ಸಿನಿಮಾ ಹಾಡು ಹಾಡಿದರೆ ಶಾಸ್ತ್ರೀಯ ಸಂಗೀತದ ಕಂಠ ಕೆಡುತ್ತೆ ಅಂತಾರೆ ಅವಳ ಟೀಚರ್. ನನ್ನ ತಮ್ಮನ ಮಗ, "ಅತ್ತೆ, ಈಗ ಯಾರು ಹಾಡಿದ್ರೂ ಮಷೀನು ಸರಿ ಮಾಡುತ್ತೆ, ಕಲಿಯೋದ್ಯಾಕೆ" ಅಂತಾನೆ. ಮುಂಬೈಯವರಿಗೇ ಎಲ್ಲಾ ಹಾಡು ಹೋಗುತ್ತೆ, ಕನ್ನಡದವರಿಗೆ ಚಾನ್ಸೇ ಇಲ್ಲ ಅನ್ನೋದು ಇನ್ನೊಬ್ಬರ ಮಾತು. ಈ ನಡುವೆ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, ಹೊಸ ಸಿನಿಮಾದಲ್ಲಿ ಒಂದು ಹಾಡು ಕೊಡಿಸ್ತೀವಿ, ಒಂದೂವರೆ ಲಕ್ಷ ಆಗುತ್ತೆ ಅಂದಿದ್ದಾರೆ. ನಮ್ಮ ಮನೆಯವರು ಸಾಲ ಮಾಡಿಯಾದರೂ ಕೊಡೋಣ ಅಂತಿದ್ದಾರೆ. ನಾನು ಬೇಡ ಅಂದರೆ ಮಗಳ ಆಸೆಗೆ ಅಡ್ಡ ಬಂದ ಹಾಗೆ ಆಗುತ್ತಾ?
– ಹಾಸನದಿಂದ ಒಬ್ಬ ತಾಯಿ

ಉತ್ತರ: ಮನೆಯಲ್ಲಿ ಚರ್ಚೆ ನಡೀತಿರೋದು ಆ ಒಂದೂವರೆ ಲಕ್ಷದ ಬಗ್ಗೆ ಅಂತ ಕಾಣುತ್ತದೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮಾತ್ರ ಗಂಟಲು. ದುಡ್ಡಿನ ವಿಷಯ ಒಂದು ವಾರ ಬಿಟ್ಟು ತೀರ್ಮಾನ ಮಾಡಬಹುದು. ಗಂಟಲು ಅಷ್ಟು ಕಾಯುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ದಿನ ಜಾಸ್ತಿ ಹಾಡಿ ಗಂಟಲು ಕಟ್ಟಿದರೆ, ಒಂದೆರಡು ದಿನ ಸುಮ್ಮನಿದ್ದರೆ ಸರಿಹೋಗುತ್ತದೆ. ಒಂದು ತಿಂಗಳಿಂದ ಹೀಗೇ ಇದೆ, ಬೆಳಿಗ್ಗೆಯೂ ದನಿ ಬಿಡುತ್ತಿಲ್ಲ ಅಂದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರೆ ಸಾಲದು. ಧ್ವನಿತಂತುಗಳು ಅಲ್ಲಿಗೆ ಕಾಣುವುದಿಲ್ಲ. ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು, ಕೆಲವೇ ನಿಮಿಷದ ಕೆಲಸ. ನಿಮಗೆ ಮೈಸೂರು ದೂರವಿಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಧ್ವನಿಯ ತೊಂದರೆಗೆಂದೇ ತಜ್ಞರಿದ್ದಾರೆ. ಧ್ವನಿತಂತುವಿನ ಮೇಲೆ ಸಣ್ಣ ಗಂಟು ಶುರುವಾಗಿದ್ದರೂ ಗಾಬರಿ ಬೇಡ. ಬೇಗ ಗೊತ್ತಾದರೆ ಸಾಮಾನ್ಯವಾಗಿ ಆಪರೇಷನ್ ಇಲ್ಲದೆ, ಧ್ವನಿಯ ವ್ಯಾಯಾಮ ಮತ್ತು ಹಾಡುವ ರೀತಿ ತಿದ್ದಿಕೊಳ್ಳುವುದರಿಂದಲೇ ಇಳಿಯುತ್ತದೆ. ತೋರಿಸುವ ತನಕ ಕ್ಯಾರಿಯೋಕೆ ಬಂದ್. ಪಿಸುಮಾತು ಕೂಡ ಬೇಡ, ಅದರಿಂದ ಗಂಟಲಿಗೆ ವಿಶ್ರಾಂತಿ ಸಿಗುವುದಿಲ್ಲ. ಮೆತ್ತಗೆ, ಮಾಮೂಲಿ ದನಿಯಲ್ಲಿ ಮಾತಾಡಲಿ.

ಕಲ್ಲುಸಕ್ಕರೆ, ಮೆಣಸು, ಶುಂಠಿ, ಜೇನು ಎಲ್ಲಾ ಕೊಡ್ತಿದ್ದೀರಿ ಅಂತ ಗೊತ್ತು. ಕೊಡಿ, ಬೇಡ ಅನ್ನಲ್ಲ. ಆದರೆ ನಾವು ನುಂಗಿದ್ದು ಯಾವುದೂ ಧ್ವನಿತಂತುವಿಗೆ ತಾಗುವುದೇ ಇಲ್ಲ. ಅದು ಶ್ವಾಸನಾಳದ ಬಾಯಲ್ಲಿದೆ, ಊಟ-ನೀರು ಹೋಗುವ ದಾರಿ ಬೇರೆ. ನುಂಗುವಾಗ ಹಿತ ಅನಿಸುವುದು ಸುತ್ತಲಿನ ಗಂಟಲಿಗೆ. ಹಾಡುವ ಮುಂಚೆ ಒಂದು ಲೋಟ ನೀರು ಕುಡಿದರೂ ತಕ್ಷಣ ಏನೂ ಆಗುವುದಿಲ್ಲ. ದಿನವಿಡೀ ಕುಡಿದ ನೀರು ಕೆಲಸಕ್ಕೆ ಬರುತ್ತದೆ. ಬಿಸಿನೀರಿನ ಹಬೆ ತೆಗೆದುಕೊಂಡರೆ ಅದು ಮಾತ್ರ ನೇರ ಅಲ್ಲಿಗೇ ಹೋಗುತ್ತದೆ.

ಗಂಟಲು ಯಾಕೆ ಕಟ್ಟಿತು? ನನಗೆ ಅನುಮಾನ ಇರುವುದು ಕ್ಯಾರಿಯೋಕೆಯ ಶ್ರುತಿ ಮೇಲೆ, ಅಂದರೆ ಹಾಡಿಗೆ ಆಧಾರವಾದ ಸ್ವರದ ಎತ್ತರದ ಮೇಲೆ. ಸೀನಿಯರ್ ಮಾಡಿದ ಹುಡುಗಿ ಅಂದರೆ ಅವಳ ಶ್ರುತಿ ಐದು ಮನೆ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಅಥವಾ ಅದರ ಆಚೀಚೆ ಇರಬಹುದು. ಕಛೇರಿಯಲ್ಲಿ ತಾರಸ್ಥಾಯಿಗೆ, ಅಂದರೆ ಮೇಲಿನ ಸಪ್ತಕಕ್ಕೆ ಹೋಗುತ್ತಾಳೆ, ಅಲ್ಲಿನ ಪಂಚಮ (ಪ) ಮುಟ್ಟುತ್ತಾಳೆ, ಒಂದು ಕ್ಷಣ ನಿಂತು ಇಳಿಯುತ್ತಾಳೆ. ಸಿನಿಮಾ ಹಾಡು ಹಾಗಲ್ಲ. ಪಲ್ಲವಿಯ ಮುಖ್ಯ ಸಾಲೇ ಅಲ್ಲಿ ಮೇಲೆ ಕೂತಿರುತ್ತದೆ, ಅದು ಮತ್ತೆ ಮತ್ತೆ ಬರುತ್ತದೆ. ಲೆಕ್ಕ ಹೇಳ್ತೀನಿ ನೋಡಿ. ಹೆಣ್ಣುಮಕ್ಕಳು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕೂಡಿ ಬಿಡುತ್ತವೆ. ಐದು ಮನೆಯಲ್ಲಿ ತಾರ ಷಡ್ಜ (ಮೇಲಿನ ಸ) ಹಿಡಿದರೆ ಅದು ಸುಮಾರು 390. ತಾರ ಪಂಚಮಕ್ಕೆ ಹೋದರೆ 590ರ ಹತ್ತಿರ. ಎರಡು ಗಂಟೆ ಅಲ್ಲೇ ಸುತ್ತಾಡಿದರೆ ಯಾವ ಗಂಟಲು ತಾನೇ ತಡೆದೀತು?

ಇನ್ನೊಂದು ವಿಷಯ ಮನೆಯಲ್ಲಿ ಹಾಡುವವರಿಗೆ ಯಾರೂ ಹೇಳುವುದಿಲ್ಲ. ಹಾಡಿನ ಶ್ರುತಿಯನ್ನು ಸಂಗೀತ ನಿರ್ದೇಶಕರು ಸಾಮಾನ್ಯವಾಗಿ ಆ ಗಾಯಕಿಯ ದನಿ ನೋಡಿಯೇ ಇಟ್ಟಿರುತ್ತಾರೆ. ಬೇರೆಯವರ ಅಳತೆಗೆ ಹೊಲಿಸಿದ ರವಿಕೆ ಅದು. ನಿಮ್ಮ ಮಗಳಿಗೆ ಬಿಗಿಯಾದರೆ ತಪ್ಪು ಅವಳದಲ್ಲ. ಯುಗಳಗೀತೆಯಲ್ಲಂತೂ ಗಂಡು ದನಿಗೆ ಅನುಕೂಲವಾಗಲಿ ಅಂತ ಶ್ರುತಿ ಇಟ್ಟು, ಗಾಯಕಿ ಹೇಗೋ ನಿಭಾಯಿಸುವುದೂ ಇದೆ. ಫೋನಿನ ಆ್ಯಪ್‌ಗಳಲ್ಲಿ ಶ್ರುತಿ ಇಳಿಸುವ ಸೌಲಭ್ಯ ಇರುತ್ತದೆ. ವೈದ್ಯರು ಸರಿ ಅಂದ ಮೇಲೆ ಎರಡು ಮೂರು ಸ್ವರಸ್ಥಾನ ಇಳಿಸಿಕೊಂಡು ಹಾಡಲಿ. ಇಪ್ಪತ್ತು ನಿಮಿಷ ಹಾಡಿ ಹತ್ತು ನಿಮಿಷ ಬಿಡಲಿ. ಹೆಡ್‌ಫೋನಿನ ಸದ್ದು ತಗ್ಗಿಸಲಿ. ಕಿವಿಯಲ್ಲಿ ಸಂಗೀತ ಜೋರಾಗಿದ್ದರೆ ನಮಗೇ ತಿಳಿಯದೆ ಕಿರುಚುತ್ತಿರುತ್ತೇವೆ.

ಈಗ ಟೀಚರ್ ಮಾತು. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಸಿನಿಮಾ ಹಾಡಿನಿಂದಲೇ ಕಂಠ ಕೆಡುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1966ರ 'ಸಂಧ್ಯಾರಾಗ'ಕ್ಕೆ ಭೀಮಸೇನ ಜೋಶಿ ಹಾಡಿದರು, ಬಾಲಮುರಳಿಕೃಷ್ಣ ಹಾಡಿದರು. ಬಾಲಮುರಳಿಯವರಿಗೆ 1975ರ 'ಹಂಸಗೀತೆ'ಗೆ ರಾಷ್ಟ್ರಪ್ರಶಸ್ತಿಯೇ ಬಂತು. ಯೇಸುದಾಸ್ ಸಿನಿಮಾದಲ್ಲಿ ಹಾಡುತ್ತಲೇ ಕಛೇರಿಯನ್ನೂ ಮಾಡಿಕೊಂಡು ಬಂದರು. ಇವರ ಕಂಠಕ್ಕೆ ಏನಾಯಿತು? ಅದರ ಉಲ್ಟಾ ನಂಬಿಕೆಯೂ ಇದೆ, ಶಾಸ್ತ್ರೀಯ ಕಲಿಯದೆ ಸಿನಿಮಾಗೆ ಹಾಡೋಕೇ ಆಗಲ್ಲ ಅಂತ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಕ್ರಮವಾಗಿ ಶಾಸ್ತ್ರೀಯ ಸಂಗೀತ ಕಲಿತವರಲ್ಲ. 'ಶಂಕರಾಭರಣಂ'ಗೆ ಹಾಡುವಾಗ ಸಂಗೀತ ನಿರ್ದೇಶಕ ಕೆ.ವಿ. ಮಹಾದೇವನ್ ಅವರ ಸಹಾಯಕ ಪುಗಳೇಂದಿ ಕೂರಿಸಿಕೊಂಡು ಹೇಳಿಕೊಟ್ಟರು. ಆ ಸಿನಿಮಾಗೆ ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಆದರೂ ಟೀಚರ್ ಮಾತಿನಲ್ಲಿ ಒಂದು ನಿಜವಿದೆ. ಎರಡಕ್ಕೂ ದನಿ ಹಾಕುವ ರೀತಿ ಬೇರೆ. ಸಭಾಂಗಣದ ಕೊನೆ ಸಾಲಿಗೆ ಕೇಳಬೇಕು ಅನ್ನುವ ಅಭ್ಯಾಸದಲ್ಲಿ ಬೆಳೆದವರು ಮೈಕಿನ ಮುಂದೆ ಕಷ್ಟಪಡುತ್ತಾರೆ. ಸ್ಟುಡಿಯೋದಲ್ಲಿ ಹೊಸಬರಿಗೆ ಹಾಡಿಸುವುದು ನನ್ನ ಕೆಲಸ. ಇತ್ತೀಚೆಗೆ ನಿಮ್ಮ ಮಗಳ ಹಾಗೇ ಒಳ್ಳೆಯ ಪಾಠ ಆದ ಹುಡುಗಿಯೊಬ್ಬಳು ಬಂದಿದ್ದಳು. ಸಾಲಿನ ಕೊನೆಗೆ "ಬಾ" ಅನ್ನುವ ಒಂದೇ ಅಕ್ಷರ. ಶ್ರುತಿ ಸರಿ, ತಾಳ ಸರಿ. ಆದರೆ ಬಕಾರದ ಗಾಳಿ ಮೈಕಿಗೆ ಧಪ್ ಅಂತ ಬಡಿಯುತ್ತಿತ್ತು, ಕೊನೆಗೆ ಅವಳಿಗೇ ಗೊತ್ತಿಲ್ಲದೆ ಒಂದು ಕಂಪಿತ, ಅಂದರೆ ಸ್ವರದ ಅಲುಗಾಟ, ಸೇರುತ್ತಿತ್ತು. ಸಂಗೀತ ನಿರ್ದೇಶಕರು ಗಾಜಿನ ಆಚೆಯಿಂದ "ಗಮಕ ಬೇಡಮ್ಮಾ, ಸುಮ್ನೆ ಬಿಟ್ಬಿಡು" ಅನ್ನುತ್ತಿದ್ದರು. ಗಮಕ ತೆಗೆದರೆ ಪಾಠ ಒಪ್ಪಿಸಿದ ಹಾಗೆ ಕೇಳುತ್ತಿತ್ತು. ನಾನು ಅವಳನ್ನು ಮೈಕಿನಿಂದ ಒಂದು ಗೇಣು ದೂರಕ್ಕೆ ತಂದೆ, ಮುಖ ಒಂಚೂರು ಪಕ್ಕಕ್ಕೆ ತಿರುಗಿಸಿದೆ. ಹಾಡಬೇಡ, ಪಕ್ಕದಲ್ಲಿ ಕೂತ ತಂಗಿಯನ್ನು ಕರೆಯೋ ಹಾಗೆ ಮೊದಲು ಹೇಳು ಅಂದೆ. ಹೇಳಿದಳು. ಆ ಹೇಳಿದ್ದಕ್ಕೇ ಸ್ವರ ಕೂಡಿಸು ಅಂದೆ. ಅರ್ಧ ಉಸಿರು, ಅರ್ಧ ದನಿಯಲ್ಲಿ ಬಂತು. ಆಚೆಯಿಂದ "ಓಕೆ, ಮುಂದಿನ ಸಾಲು" ಅಂದರು. ಮೈಕು ಉಗುಳು ನುಂಗಿದ್ದನ್ನೂ ಹಿಡಿಯುತ್ತದೆ. ಅದರ ಮುಂದೆ ಬಲ ಹಾಕುವುದಕ್ಕಿಂತ ಹತ್ತಿರದಲ್ಲಿ ಮೆತ್ತಗೆ ಹಾಡುವುದು ಬರಬೇಕು. ಇದನ್ನು ಕಲಿತರೆ ಗಂಟಲಿಗೂ ಶ್ರಮ ಕಮ್ಮಿ.

ವೈದ್ಯರು ಸರಿ ಅಂದ ಮೇಲೆ ಬೆಳಗಿನ ಸಂಗೀತಾಭ್ಯಾಸ, ವರ್ಣ, ಕೃತಿ ಯಾವುದನ್ನೂ ಬಿಡಿಸಬೇಡಿ. ಸಾಲನ್ನು ಒಂದೇ ಸಲ ಕೇಳಿ ಮನಸ್ಸಿನಲ್ಲಿ ಸ್ವರ ಹಾಕಿಕೊಳ್ಳುವ ಶಕ್ತಿ ಅವಳಿಗೆ ಅಲ್ಲಿಂದ ಬಂದಿದೆ. ಸ್ಟುಡಿಯೋದಲ್ಲಿ ಅದಕ್ಕೆ ಬೆಲೆ ಇದೆ. ಎಷ್ಟೋ ಸಲ ಟ್ಯೂನ್ ಕೇಳಿಸುವುದೇ ಅಲ್ಲಿಗೆ ಹೋದ ಮೇಲೆ.

ನಿಮ್ಮ ತಮ್ಮನ ಮಗನ ಮಷೀನಿನ ವಿಷಯಕ್ಕೆ ಬರೋಣ. ಇದು ಅರ್ಧ ನಿಜ, ಅದಕ್ಕೇ ಜಾಸ್ತಿ ದಾರಿ ತಪ್ಪಿಸುತ್ತದೆ. ಸ್ವರ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್ ಬಂದದ್ದು 1997ರಲ್ಲಿ. ಮಾಡಿದವರು ಆ್ಯಂಡಿ ಹಿಲ್ಡೆಬ್ರ್ಯಾಂಡ್. ಅದಕ್ಕೂ ಮುಂಚೆ ಅವರ ಕೆಲಸ ನೆಲದೊಳಗೆ ಸದ್ದು ಕಳಿಸಿ ಎಣ್ಣೆ ಎಲ್ಲಿದೆ ಅಂತ ಲೆಕ್ಕ ಹಾಕುವುದಾಗಿತ್ತು. ಈಗ ಮೆಲೊಡೈನ್ ಮುಂತಾದವೂ ಇವೆ. ಸಿನಿಮಾಗೆ ಹಾಡಿದ ದನಿಗೆ ಇವನ್ನು ಒಂದಿಷ್ಟಾದರೂ ಬಳಸುವುದು ಈಗ ಮಾಮೂಲಿ. ದೊಡ್ಡ ಗಾಯಕರ ಹಾಡಿಗೂ ಬಳಸುತ್ತಾರೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಅದೇನು ಮಾಡುತ್ತದೆ? ಸ್ವರ ಸ್ವಲ್ಪ ಇಳಿದಿದ್ದರೆ ಎತ್ತುತ್ತದೆ, ಅಕ್ಷರ ತಾಳಕ್ಕಿಂತ ಹಿಂದೆ ಬಿದ್ದರೆ ಮುಂದಕ್ಕೆ ಸರಿಸುತ್ತದೆ. ಅಷ್ಟೇ. ಪದ ಸ್ಪಷ್ಟವಾಗಿಲ್ಲದಿದ್ದರೆ ಅದನ್ನು ಸ್ಪಷ್ಟ ಮಾಡುವುದಿಲ್ಲ. ಉಸಿರು ಎಲ್ಲಿ ತೆಗೆಯಬೇಕಿತ್ತೋ ಅಲ್ಲಿ ತೆಗೆಯದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ದನಿಯ ಗುಣ, ಭಾವ ಇವೆಲ್ಲ ಅದರ ಕೈಗೆ ಸಿಗುವುದೇ ಇಲ್ಲ. ನಮ್ಮ ಸಂಗೀತಕ್ಕೆ ಇನ್ನೊಂದು ತೊಂದರೆ ಇದೆ. ಈ ಮಷೀನು ಹುಟ್ಟಿದ್ದು ಹನ್ನೆರಡು ಸ್ವರ ಬಿಡಿಬಿಡಿಯಾಗಿ ಇರುವ ಲೆಕ್ಕದಲ್ಲಿ. ತೋಡಿ ರಾಗದ ಗಾಂಧಾರ (ಗ) ತಗೊಳ್ಳಿ. ಅದು ಒಂದು ಕಡೆ ನಿಲ್ಲುವುದಿಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತದೆ. ಪರದೆಯ ಮೇಲೆ ಅಲೆಯ ಹಾಗೆ ಕಾಣುತ್ತದೆ. ಮಷೀನಿಗೇ ಬಿಟ್ಟರೆ ಆ ಅಲೆಯನ್ನು ಕತ್ತರಿಸಿ ಮೆಟ್ಟಿಲು ಮಾಡಿಬಿಡುತ್ತದೆ, ಹಾರ್ಮೋನಿಯಂ ಒತ್ತಿದ ಹಾಗೆ ಕೇಳುತ್ತದೆ. ಗೊತ್ತಿರುವ ಎಂಜಿನಿಯರ್ ಅಂಥ ಜಾಗ ಮುಟ್ಟುವುದಿಲ್ಲ, ಮುಟ್ಟಿದರೂ ಒಂದೊಂದೇ ಸ್ವರವನ್ನು ಕೈಯಲ್ಲಿ ಸರಿಮಾಡುತ್ತಾನೆ. ಒಂದು ಹಾಡನ್ನು ಹೀಗೆ ಕೂತು ತಿದ್ದುವುದಕ್ಕೆ ದಿನಗಟ್ಟಲೆ ಬೇಕು. ಅಷ್ಟು ಹೊತ್ತು ಯಾರಿಗಿದೆ? ತಿದ್ದುವ ಕೆಲಸ ಕಮ್ಮಿ ಇರುವ ಗಾಯಕಿಯನ್ನೇ ಮತ್ತೆ ಕರೆಯುತ್ತಾರೆ.

ಮಷೀನು ಬದಲಾಯಿಸಿದ್ದು ಬೇರೆಯದನ್ನು. ಹಿಂದೆ ಮದರಾಸಿನ ಸ್ಟುಡಿಯೋಗಳಲ್ಲಿ ವಾದ್ಯವೃಂದ ಪೂರ್ತಿ ಕೂತು, ಗಾಯಕರೂ ಜೊತೆಗೇ ಹಾಡಬೇಕಿತ್ತು. ಕೊನೇ ಚರಣದಲ್ಲಿ ಪಿಟೀಲಿನವರು ಎಡವಿದರೂ ಎಲ್ಲರೂ ಪಲ್ಲವಿಯಿಂದ ಮತ್ತೆ ಶುರು ಮಾಡಬೇಕು. ಈಗ ಗಾಯಕಿ ಒಬ್ಬಳೇ ಹೆಡ್‌ಫೋನ್ ಹಾಕಿಕೊಂಡು ಸಾಲುಸಾಲಾಗಿ ಹಾಡುತ್ತಾಳೆ. ಅದೇ ಸಾಲನ್ನು ನಗುತ್ತಾ ಒಂದು, ಬೇಜಾರಿನಲ್ಲಿ ಒಂದು, ತುಂಬಾ ಹತ್ತಿರದಿಂದ ಒಂದು ಅಂತ ಕೇಳುತ್ತಾರೆ. ಆಮೇಲೆ ಯಾವುದು ಬೇಕೋ ಅದನ್ನು ಆರಿಸಿ ಜೋಡಿಸುತ್ತಾರೆ. ಇದು ಸುಲಭ ಅಂತ ಅನಿಸಬಹುದು. ಒಂದೇ ಸಾಲನ್ನು ಇಪ್ಪತ್ತನೇ ಸಲವೂ ಮೊದಲನೇ ಸಲದ ಹಾಗೆ ಹಾಡಿ ನೋಡಲಿ, ಗೊತ್ತಾಗುತ್ತದೆ.

ಮುಂಬೈ ವಿಷಯವನ್ನು ಬೇಗ ಮುಗಿಸುತ್ತೇನೆ. ಕನ್ನಡ ಸಿನಿಮಾದಲ್ಲಿ ಹೊರಗಿನವರು ಹಾಡುವುದು ಹೊಸದೇನಲ್ಲ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ ಗುಂಟೂರು ಕಡೆಯವರು, ಯೇಸುದಾಸ್ ಕೇರಳದವರು. ಲತಾ ಮಂಗೇಶ್ಕರ್ ಕೂಡ 1967ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ಕ್ಕೆ ಹಾಡಿದ್ದಾರೆ. 2006ರ 'ಮುಂಗಾರು ಮಳೆ'ಯ ಸೋನು ನಿಗಮ್ ಹಾಡುಗಳು ಗೆದ್ದ ಮೇಲೆ ಮುಂಬೈಯ ಹೆಸರುಗಳು ಜಾಸ್ತಿಯಾದವು ಅನ್ನುವುದು ನಿಜ. ಹೆಸರಿದ್ದರೆ ಆಡಿಯೋ ಕಂಪನಿಗೆ ಹಾಡು ಮಾರುವುದು ಸುಲಭ. ನಿರ್ಮಾಪಕರ ಲೆಕ್ಕಾಚಾರ ಅದು, ನನಗೂ ಎಷ್ಟೋ ಸಲ ಬೇಜಾರಾಗುತ್ತದೆ. ಆದರೆ ರಾಜೇಶ್ ಕೃಷ್ಣನ್, ಅನುರಾಧಾ ಭಟ್, ಅನನ್ಯಾ ಭಟ್ ಇಲ್ಲಿಯವರೇ ಅಲ್ವಾ? ಮೈಸೂರಿನ ವಿಜಯ್ ಪ್ರಕಾಶ್ ಇಲ್ಲಿಂದ ಹೋಗಿ ಹಿಂದಿಯಲ್ಲೂ ಹಾಡಿದರು. ಕನ್ನಡ ಬಾರದವರು ಹಾಡುವಾಗ ಳಕಾರ, ಹಕಾರ, ಮಹಾಪ್ರಾಣ ತಿದ್ದಲು ಒಬ್ಬರು ಪಕ್ಕದಲ್ಲಿ ಕೂರಬೇಕು. ನಿಮ್ಮ ಮಗಳಿಗೆ ಆ ಖರ್ಚು ಇಲ್ಲ.

ಇನ್ನು ದುಡ್ಡು. ಕೊಡಬೇಡಿ. ಹಾಡುವವರಿಗೆ ದುಡ್ಡು ಕೊಡುವುದು ಕ್ರಮ. ಹೊಸಬರಿಗೆ ಕಮ್ಮಿ ಕೊಡುತ್ತಾರೆ, ಕೆಲವು ಸಲ ಬರೀ ಬಸ್ ಚಾರ್ಜು, ಊಟ. ಅದು ಬೇರೆ ಮಾತು. ಗಾಯಕಿಯಿಂದಲೇ ಲಕ್ಷ ಕೇಳುವವರು ಹಾಡು ಮಾಡುತ್ತಿಲ್ಲ, ಆಸೆ ಮಾರುತ್ತಿದ್ದಾರೆ. ನನಗೆ ಗೊತ್ತಿರುವ ಇಂಥ ವ್ಯವಹಾರಗಳು ಹೇಗೆ ಮುಗಿಯುತ್ತವೆ ಅಂದರೆ: ಸಿನಿಮಾ ಮುಹೂರ್ತಕ್ಕೇ ನಿಂತುಹೋಗುತ್ತದೆ. ಅಥವಾ ಹಾಡು ರೆಕಾರ್ಡ್ ಆಗುತ್ತದೆ, ಸಿನಿಮಾದಲ್ಲಿ ಇರುವುದಿಲ್ಲ. ಅಥವಾ ಇರುತ್ತದೆ, ಬೇರೆಯವರ ದನಿಯಲ್ಲಿ. ಫೋನ್ ಮಾಡಿದವರನ್ನು ಮೂರು ವಿಷಯ ಕೇಳಿ. ಸಂಗೀತ ನಿರ್ದೇಶಕರು ಯಾರು, ನೇರವಾಗಿ ಮಾತಾಡಿಸ್ತೀರಾ? ಯಾವ ಸ್ಟುಡಿಯೋ, ಯಾವ ದಿನ? ಒಪ್ಪಂದ ಕಾಗದದಲ್ಲಿ ಬರುತ್ತಾ? ಬಹುತೇಕ ಅಲ್ಲಿಗೇ ಫೋನ್ ಬರುವುದು ನಿಲ್ಲುತ್ತದೆ. ಯಜಮಾನರಿಗೆ ಹೇಳಿ, ಆ ದುಡ್ಡಿನ ಹತ್ತನೇ ಒಂದು ಪಾಲಿನಲ್ಲಿ ಒಳ್ಳೆಯ ಮೈಕು, ಹೆಡ್‌ಫೋನು ಬರುತ್ತದೆ. ನೀವು ಬೇಡ ಅನ್ನುತ್ತಿರುವುದು ಆ ವ್ಯವಹಾರಕ್ಕೆ, ಮಗಳ ಹಾಡಿಗಲ್ಲ. ಅವಳಿಗೂ ಅದನ್ನೇ ಬಿಡಿಸಿ ಹೇಳಿ.

ನಿಜವಾದ ದಾರಿಗಳು ನಿಧಾನ. ಬೆಂಗಳೂರಿನಲ್ಲಿ ಹೆಚ್ಚಿನವರು ಒಳಗೆ ಬರುವುದು ಕೋರಸ್ ಮತ್ತು ಟ್ರ್ಯಾಕ್ ಹಾಡಿ. ಟ್ರ್ಯಾಕ್ ಅಂದರೆ ದೊಡ್ಡ ಗಾಯಕರಿಗೆ ಕಲಿಯಲು, ಶೂಟಿಂಗ್‌ಗೆ ಬಳಸಲು ಮೊದಲೇ ಹಾಡಿಡುವುದು. ಕೊನೆಗೆ ನಿಮ್ಮ ದನಿ ಅಳಿಸಿ ಅವರ ದನಿ ಹಾಕುತ್ತಾರೆ. ಇದು ನೋಯಿಸುತ್ತದೆ. ಕೆಲವು ಸಲ ಟ್ರ್ಯಾಕೇ ಚೆನ್ನಾಗಿದೆ ಅಂತ ಹಾಗೇ ಉಳಿಸಿಕೊಳ್ಳುವುದೂ ಉಂಟು. ಆ ಆಸೆಯಲ್ಲೇ ವರ್ಷಗಟ್ಟಲೆ ಕಳೆದವರಿದ್ದಾರೆ, ಹಾಗಾಗಿ ಬಿ.ಕಾಂ. ಮುಗಿಯುವ ತನಕ ಊರು ಬಿಡುವುದು ಬೇಡ ಅನ್ನುತ್ತೇನೆ. ಟಿವಿ ಸ್ಪರ್ಧೆಗೆ ಹೋಗಬಹುದು. ಜನ ಗುರುತಿಸುತ್ತಾರೆ, ಕ್ಯಾಮೆರಾ ಹೆದರಿಕೆ ಹೋಗುತ್ತದೆ. ಆದರೆ ಸಹಿ ಮಾಡುವ ಮುಂಚೆ, ಎಷ್ಟು ದಿನ ಬೇರೆಲ್ಲೂ ಹಾಡುವ ಹಾಗಿಲ್ಲ ಅನ್ನುವ ಸಾಲನ್ನು ಹುಡುಕಿ ಓದಿ. ಆರ್ಕೆಸ್ಟ್ರಾದಲ್ಲಿ ಹಾಡಿದರೆ ಕೈಗೆ ದುಡ್ಡು ಬರುತ್ತದೆ, ಎಲ್ಲಾ ಥರದ ಹಾಡು ಬಾಯಿಗೆ ಬರುತ್ತದೆ. ಗಣೇಶನ ಸೀಸನ್ನಿನಲ್ಲಿ ರಾತ್ರಿಯೆಲ್ಲಾ ಧೂಳು, ಪಟಾಕಿ ಹೊಗೆ, ತನ್ನ ದನಿ ತನಗೇ ಕೇಳದ ಸ್ಪೀಕರು. ಇವಳ ಈಗಿನ ಗಂಟಲಿಗೆ ಈ ವರ್ಷ ಅದು ಬೇಡ.

ಯೂಟ್ಯೂಬ್‌ಗೆ ಸಿನಿಮಾ ಹಾಡು ಹಾಡಿ ಹಾಕುವುದನ್ನು ಎಲ್ಲರೂ ಮಾಡುತ್ತಾರೆ. ಹಾಡಿನ ಹಕ್ಕು ಆಡಿಯೋ ಕಂಪನಿಯದು, ಆದಾಯ ಅವರಿಗೇ ಹೋಗಬಹುದು, ವಿಡಿಯೋ ತೆಗೆದುಹಾಕಲೂಬಹುದು. ಜೊತೆಗೆ ಎಲ್ಲರೂ ಹಾಡಿದ ಹಾಡನ್ನೇ ಹಾಡಿದರೆ ಇವಳ ದನಿ ಯಾವುದು ಅಂತ ಗೊತ್ತಾಗುವುದು ಹೇಗೆ? ಊರಿನಲ್ಲಿ ಪದ್ಯ ಬರೆಯುವ ಗೆಳತಿಯರಿದ್ದರೆ ಅವರದಕ್ಕೆ ತಾನೇ ರಾಗ ಹಾಕಿ ಹಾಡಲಿ.

ಮುಂದೆ ನಿಜವಾಗಿ ಹಾಡು ಸಿಕ್ಕಾಗ ಕಾಗದದಲ್ಲಿ ಎರಡು ಕಡೆ ಕಣ್ಣಿಡಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಹಾಡಿದ್ದನ್ನು ವ್ಯಾಪಾರಕ್ಕೆ ಬಳಸಿದರೆ ಹಾಡಿದವರಿಗೂ ರಾಯಲ್ಟಿಯ ಹಕ್ಕಿದೆ. ಅದಕ್ಕೆಂದೇ 2013ರಲ್ಲಿ ಗಾಯಕರ ಸಂಘವೂ ಹುಟ್ಟಿತು. ಎರಡನೆಯದು ಎಐ. 2024ರ 'ಲಾಲ್ ಸಲಾಂ' ತಮಿಳು ಸಿನಿಮಾದಲ್ಲಿ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐನಲ್ಲಿ ಮರಳಿ ತಂದರು. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮಾಡಿದರು. ಎಲ್ಲರೂ ಹಾಗೆ ಕೇಳಿ ಮಾಡುತ್ತಾರೆ ಅನ್ನುವ ಭರವಸೆ ಇಲ್ಲ. ಅದೇ ವರ್ಷ ಅರಿಜಿತ್ ಸಿಂಗ್ ತಮ್ಮ ದನಿ ನಕಲು ಮಾಡುವವರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ಮಧ್ಯಂತರ ರಕ್ಷಣೆ ಪಡೆದರು. ದನಿಯನ್ನು ಮುಂದೆ ಯಾವುದಕ್ಕೆ ಬೇಕಾದರೂ ಬಳಸಬಹುದು ಅನ್ನುವ ಸಾಲು ಕಂಡರೆ ಹೊಡೆದು ಹಾಕಿಸಿ, ಆಮೇಲೆ ಸಹಿ.

ಗಂಟಲು ಸರಿಹೋದ ಮೇಲೆ ಒಂದು ಡೆಮೊ ಮಾಡಿಸಿ. ಒಂದೊಂದು ನಿಮಿಷದ ಮೂರು ತುಣುಕು ಸಾಕು. ಒಂದು ವಾದ್ಯವೇ ಇಲ್ಲದೆ ಬರೀ ದನಿ, ಒಂದು ಮೆತ್ತಗಿನ ಭಾವಗೀತೆ, ಒಂದು ಜೋರಿನ ಜಾನಪದ. ಮೂರೂ ಅವಳ ಶ್ರುತಿಯಲ್ಲೇ ಇರಲಿ. ಬಟ್ಟೆ ತುಂಬಿದ ಬೀರು ತೆರೆದಿಟ್ಟು, ಫ್ಯಾನ್ ಆರಿಸಿ, ಅದರ ಮುಂದೆ ಕೂತು ಹಾಡಲಿ. ಎಕೋ ಸೇರಿಸಬೇಡಿ. ಎಕೋ ಕೇಳಿದ ತಕ್ಷಣ ಏನೋ ಮುಚ್ಚಿಟ್ಟಿದ್ದಾರೆ ಅನಿಸುತ್ತದೆ. ಫೈಲಿಗೆ ಹೆಸರು, ಫೋನ್ ನಂಬರ್, ಶ್ರುತಿ ಹಾಕಿ. ದೊಡ್ಡ ಸಂಗೀತ ನಿರ್ದೇಶಕರಿಗೇ ಕಳಿಸಬೇಕು ಅಂತಿಲ್ಲ. ಅವರ ಬಳಿ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುವ ಹುಡುಗರು, ಸಹಾಯಕರು, ರೆಕಾರ್ಡಿಂಗ್ ಎಂಜಿನಿಯರ್‌ಗಳು ಇರುತ್ತಾರಲ್ಲ, ಅವರಿಗೆ ಕಳಿಸಿ. ನಾಳೆ ಬೆಳಿಗ್ಗೆಗೆ ಒಂದು ಟ್ರ್ಯಾಕ್ ಹಾಡುವವರು ಬೇಕು ಅಂದಾಗ ಫೋನ್ ಮಾಡುವವರು ಅವರೇ. ಉತ್ತರ ಬರದಿದ್ದರೆ ಒಂದೆರಡು ತಿಂಗಳು ಬಿಟ್ಟು ಹೊಸ ತುಣುಕಿನ ಜೊತೆ ಇನ್ನೊಮ್ಮೆ ಕಳಿಸಿ.